‘ಅದು ಹರ್ನಿಯಾ ಅಲ್ಲ ಮಾರಾಯ’: ಗಂಡುಮಕ್ಕಳಿರುವ ಮನೆಯಲ್ಲಿ ಆಡಲೇಬೇಕಾದ ಮಾತು

ಮಗುವನ್ನು ಹೊಸ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗಲೆಲ್ಲ ರಿಸೆಪ್ಷನ್ನಿನಲ್ಲಿ ಒಂದು ಫಾರಂ ಕೈಗಿಡುತ್ತಾರೆ. ಹೆಸರು, ಸಿವಿಲ್ ಐಡಿ ನಂಬರು, ಅಲರ್ಜಿ ಇದೆಯೇ, ಲಸಿಕೆ ಆಗಿದೆಯೇ. ಇವೆಲ್ಲ ಮುಗಿದ ಮೇಲೆ ಕೊನೆಯಲ್ಲೊಂದು ಪ್ರಶ್ನೆ: ಕುಟುಂಬದಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇತ್ತೇ? ನೀವೂ ನನ್ನ ಹಾಗೆಯೇ ಆಗಿದ್ದರೆ ಅಜ್ಜನ ಶುಗರು, ಅಮ್ಮನ ಬಿಪಿ ಬರೆದು, ಉಳಿದದ್ದಕ್ಕೆಲ್ಲ ‘ಇಲ್ಲ’ ಎಂದು ಗೀಟು ಎಳೆದು ಫಾರಂ ವಾಪಸು ಕೊಟ್ಟಿರುತ್ತೀರಿ.

ನಾಲ್ಕು ವರ್ಷಗಳ ಹಿಂದೆ ಇಲ್ಲಿ ಮಂಗಫ್‌ನಲ್ಲಿ ನಾನು ಎಳೆದ ಅಂಥದೊಂದು ಗೀಟು ತಪ್ಪಾಗಿತ್ತು.

ಎರಡನೆಯ ಮಗನಿಗೆ ಆಗ ಆರು ತಿಂಗಳು. ಲಸಿಕೆಗೆಂದು ಹೋಗಿದ್ದೆವು. ಡಾಕ್ಟರು ಡೈಪರ್ ಬಿಚ್ಚಿ, ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ, “ಬಲಗಡೆಯದು ಇದೆ, ಎಡಗಡೆಯದು ಇನ್ನೂ ಕೆಳಗೆ ಇಳಿದಿಲ್ಲ” ಎಂದರು. ನಂತರ ಫಾರಂ ನೋಡುತ್ತಾ ಕೇಳಿದರು: “ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ? ವೃಷಣದ ಕ್ಯಾನ್ಸರ್ ಆದವರು ಯಾರಾದರೂ ಇದ್ದಾರೆಯೇ?” ಇಲ್ಲ ಎಂದೆ. ಯೋಚನೆಯನ್ನೂ ಮಾಡದೆ ಎಂದೆ.

ಆ ರಾತ್ರಿ ಊರಿಗೆ ಫೋನು ಮಾಡಿ ಅಮ್ಮನಿಗೆ ವಿಷಯ ಹೇಳಿದೆ. ಡಾಕ್ಟರು ಕೇಳಿದ ಪ್ರಶ್ನೆಯನ್ನೂ ಹೇಳಿದೆ. ಆ ಕಡೆ ಮಾತು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಫೋನು ತೆಗೆದುಕೊಂಡ.

“ಆವತ್ತು ನಂಗೆ ಹರ್ನಿಯಾ ಆಪರೇಷನ್ ಅಂತ ಹೇಳಿದ್ದಲ್ಲ, ಅದು ಹರ್ನಿಯಾ ಅಲ್ಲ ಮಾರಾಯ. ಒಂದು ಬೀಜ ತೆಗೆದದ್ದು. ನಿಂಗೆ ಪಿಎಚ್‌ಡಿ ಮುಗಿಸುವ ಹೊತ್ತು, ಯಾಕೆ ತಲೆಬಿಸಿ ಅಂತ ಯಾರೂ ಹೇಳಲಿಲ್ಲ.”

ಅಣ್ಣನಿಗೆ ಆಗ 29 ವರ್ಷ, ಮದುವೆ ಆಗಿರಲಿಲ್ಲ. ಹೆಣ್ಣು ಕೊಡುವವರ ಕಿವಿಗೆ ಬಿದ್ದರೆ ಕಷ್ಟ ಎಂದು ಅಪ್ಪ-ಅಮ್ಮ ‘ಹರ್ನಿಯಾ’ ಎಂದು ಊರಿಗೆಲ್ಲ ಹೇಳಿದ್ದರು. ಸುಳ್ಳು ಸುಲಭವಾಗಿ ದಕ್ಕಿತ್ತು. ಏಕೆಂದರೆ ಈ ಶಸ್ತ್ರಚಿಕಿತ್ಸೆಯ ಗಾಯ ಚೀಲದ ಮೇಲೆ ಇರುವುದಿಲ್ಲ, ತೊಡೆಸಂದಿಯ ಮೇಲೆ, ಹೆಚ್ಚುಕಡಿಮೆ ಹರ್ನಿಯಾಕ್ಕೆ ಕೊಯ್ಯುವ ಜಾಗದಲ್ಲೇ ಇರುತ್ತದೆ. ಅತ್ತಿಗೆಗೆ ಮಾತ್ರ ಅಣ್ಣ ಮದುವೆಗೆ ಮೊದಲೇ ನಿಜ ಹೇಳಿದ್ದ. ಈಗ ಅವರಿಗೆ ಇಬ್ಬರು ಮಕ್ಕಳು, ಅಣ್ಣ ಗಟ್ಟಿಮುಟ್ಟಾಗಿದ್ದಾನೆ. ಆದರೆ ಆ ಕಾಯಿಲೆಗೆ ಹತ್ತಿರದ ಸಂಬಂಧಿ ಎಂದರೆ ಒಡಹುಟ್ಟಿದ ನಾನು. ನಾನು ಅಷ್ಟು ವರ್ಷ ಏನೂ ಗೊತ್ತಿಲ್ಲದೆ ಓಡಾಡಿಕೊಂಡಿದ್ದೆ.

ನಾನು ವೈದ್ಯನಲ್ಲ. ಸಂಶೋಧನೆ ನನ್ನ ಕೆಲಸ, ಹಾಗಾಗಿ ಅಧ್ಯಯನಗಳನ್ನು ಓದಿ, ಅಂಕಿಗಳನ್ನು ತೂಗಿ ನೋಡುವ ಅಭ್ಯಾಸವಿದೆ. ಆ ರಾತ್ರಿಯಿಂದ ಈವರೆಗೆ ಓದಿದ್ದನ್ನು, ಡಾಕ್ಟರುಗಳನ್ನು ಕೇಳಿ ತಿಳಿದದ್ದನ್ನು, ಗಂಡುಮಕ್ಕಳನ್ನು ಬೆಳೆಸುತ್ತಿರುವ ನಿಮ್ಮ ಮುಂದೆ ಇಡುತ್ತಿದ್ದೇನೆ. ಈ ಕಾಯಿಲೆಯ ಅಪಾಯವನ್ನು ಊಟದಿಂದಲೋ ವ್ಯಾಯಾಮದಿಂದಲೋ ಕಡಿಮೆ ಮಾಡಲು ಬರುವುದಿಲ್ಲ. ಕಡಿಮೆ ಮಾಡಲು ಬರುವುದು ತಡವನ್ನು ಮಾತ್ರ. ತಡವಾಗುವುದಕ್ಕೆ ನಮ್ಮ ಮನೆಗಳಲ್ಲಿ ಮುಖ್ಯ ಕಾರಣ ಮಾತಿಲ್ಲದಿರುವುದು.

ಅಪಾಯ ಎಷ್ಟು?

ಮೊದಲು ಸಮಾಧಾನದ ಸಂಗತಿ. ವೃಷಣದ ಕ್ಯಾನ್ಸರ್ ಅಪರೂಪದ್ದು. ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷ ಗಂಡಸರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬರುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ಗಂಡಸರ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಇದು ಕಾಣಿಸಿಕೊಳ್ಳುವುದಿಲ್ಲ. ಡೆನ್ಮಾರ್ಕ್, ನಾರ್ವೆಯಂಥ ದೇಶಗಳಲ್ಲಿ ಇದರ ಹತ್ತು ಪಟ್ಟು ಕಂಡುಬರುತ್ತದೆ. ಅಮೆರಿಕದಲ್ಲಿ ಸುಮಾರು 250 ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಬರುತ್ತದೆ ಎಂಬ ಲೆಕ್ಕವಿದೆ.

ಆದರೆ ವಯಸ್ಸಿನ ವಿಚಾರದಲ್ಲಿ ಇದು ಬೇರೆ ಕ್ಯಾನ್ಸರುಗಳ ಹಾಗಲ್ಲ. ಕ್ಯಾನ್ಸರ್ ಎಂದರೆ ಅರುವತ್ತರ ಮೇಲಿನವರದು ಎಂದುಕೊಂಡಿರುತ್ತೇವೆ. ಇದು ಬರುವುದು ಹೆಚ್ಚಾಗಿ 15ರಿಂದ 44ರ ನಡುವೆ. ಕಾಲೇಜು, ಮೊದಲ ಕೆಲಸ, ಮದುವೆ, ಚಿಕ್ಕ ಮಕ್ಕಳು, ಹೀಗೆ ಡಾಕ್ಟರ ನೆನಪೇ ಬಾರದ ವಯಸ್ಸಿನಲ್ಲಿ.

ಕುಟುಂಬದ ಲೆಕ್ಕ ಹೀಗಿದೆ. ಅಣ್ಣ ಅಥವಾ ತಮ್ಮನಿಗೆ ಬಂದಿದ್ದರೆ ಇನ್ನೊಬ್ಬನಿಗೆ ಬರುವ ಸಾಧ್ಯತೆ ನಾಲ್ಕರಿಂದ ಹತ್ತು ಪಟ್ಟು ಹೆಚ್ಚು. ತಂದೆಗೆ ಬಂದಿದ್ದರೆ ಮಗನಿಗೆ ಎರಡರಿಂದ ಆರು ಪಟ್ಟು. ಬೇರೆ ಬೇರೆ ಅಧ್ಯಯನಗಳು ಬೇರೆ ಬೇರೆ ಅಂಕಿ ಕೊಟ್ಟರೂ, ತಂದೆ-ಮಗನಿಗಿಂತ ಸಹೋದರರ ನಡುವೆ ನಂಟು ಬಲವಾಗಿದೆ ಎಂಬುದರಲ್ಲಿ ಅವು ಒಂದೇ ಮಾತು ಹೇಳುತ್ತವೆ. ‘ಹತ್ತು ಪಟ್ಟು’ ಎಂದು ಓದಿದಾಗ ನನಗೂ ಎದೆ ಹೊಡೆದುಕೊಂಡಿತ್ತು. ಆದರೆ ಪಟ್ಟುಗಳನ್ನು ಓದುವಾಗ ಯಾವುದರ ಹತ್ತು ಪಟ್ಟು ಎಂದು ಕೇಳಿಕೊಳ್ಳಬೇಕು. ಕಾಯಿಲೆ ಅತಿ ಹೆಚ್ಚಿರುವ ಉತ್ತರ ಯೂರೋಪಿನ ದೇಶಗಳಲ್ಲೂ ರೋಗಿಗಳ ನೂರು ಸಹೋದರರನ್ನು ತೆಗೆದುಕೊಂಡರೆ ಜೀವಮಾನದಲ್ಲಿ ಇದು ಬರುವುದು ಸುಮಾರು ಇಬ್ಬರಿಗೆ. ಉಳಿದ 98 ಮಂದಿಗೆ ಬರುವುದಿಲ್ಲ. ಚಿಕ್ಕಪ್ಪನಿಗೋ ಸೋದರಮಾವನಿಗೋ ಬಂದಿದ್ದರೆ ನಂಟು ಇನ್ನೂ ತೆಳು. ಅಂದರೆ ನನ್ನ ಅಣ್ಣನ ಕಾಯಿಲೆಯಿಂದ ಎಚ್ಚರವಾಗಬೇಕಾದವನು ಮೊದಲು ನಾನು, ಆಮೇಲೆ ನನ್ನ ಮಕ್ಕಳು.

ಇದರ ಹಿಂದೆ ಒಂದೇ ಒಂದು ಜೀನ್ ಇಲ್ಲ. ಸಣ್ಣ ಸಣ್ಣ ಪರಿಣಾಮದ ಹತ್ತಾರು ಜೀನ್ ವ್ಯತ್ಯಾಸಗಳು ಸೇರಿ ಅಪಾಯ ಹೆಚ್ಚುತ್ತದೆ. ಹಾಗಾಗಿ ಸ್ತನ ಕ್ಯಾನ್ಸರಿಗೆ ಇರುವಂತೆ ‘ಈ ಜೀನ್ ಇದೆಯೇ ನೋಡಿ’ ಎನ್ನುವ ಪರೀಕ್ಷೆ ಇದಕ್ಕೆ ಬಳಕೆಯಲ್ಲಿಲ್ಲ. ಯಾರಾದರೂ ಅಂಥ ಪ್ಯಾಕೇಜ್ ಮಾರಲು ಬಂದರೆ ದುಡ್ಡು ಉಳಿಸಿಕೊಳ್ಳಿ.

ಹೊರದೇಶದಲ್ಲಿ ಮಕ್ಕಳನ್ನು ಹೆತ್ತವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಡೆನ್ಮಾರ್ಕಿನಲ್ಲಿ ವಲಸಿಗರ ಮೇಲೆ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬೇರೆ ದೇಶದಲ್ಲಿ ಹುಟ್ಟಿ ಅಲ್ಲಿಗೆ ಹೋದ ಗಂಡಸರಲ್ಲಿ ಈ ಕ್ಯಾನ್ಸರ್ ಡೇನರಿಗಿಂತ ತೀರಾ ಕಡಿಮೆ ಇತ್ತು. ಆದರೆ ಅವರಿಗೆ ಡೆನ್ಮಾರ್ಕಿನಲ್ಲೇ ಹುಟ್ಟಿದ ಗಂಡುಮಕ್ಕಳಲ್ಲಿ ಅದು ಡೇನರ ಮಟ್ಟದ ಹತ್ತಿರಕ್ಕೆ ಬಂದಿತ್ತು. ತಾಯಿಯ ಗರ್ಭದಲ್ಲಿ ಅಥವಾ ಹುಟ್ಟಿದ ಹೊಸದರಲ್ಲಿ ಏನೋ ನಡೆಯುತ್ತದೆ ಎಂದು ಇದರಿಂದ ಊಹಿಸುತ್ತಾರೆ. ಆದ್ದರಿಂದ ಯೂರೋಪಿನಲ್ಲೋ ಅಮೆರಿಕದಲ್ಲೋ ಹುಟ್ಟಿದ ಮಗನ ವಿಷಯದಲ್ಲಿ ‘ನಮ್ಮ ಕಡೆಯವರಿಗೆ ಇದೆಲ್ಲ ಬರುವುದಿಲ್ಲ’ ಎಂದು ಕೈಕಟ್ಟಿ ಕೂರುವಂತಿಲ್ಲ.

ಹುಟ್ಟಿದ ಒಂದೂವರೆ ವರ್ಷದೊಳಗೆ

ಗಂಡುಮಗುವಿನ ವೃಷಣಗಳು ಗರ್ಭದಲ್ಲಿ ಹೊಟ್ಟೆಯೊಳಗೆ ಬೆಳೆದು, ಹುಟ್ಟುವ ಹೊತ್ತಿಗೆ ಕೆಳಗಿನ ಚೀಲಕ್ಕೆ ಇಳಿಯುತ್ತವೆ. ತಿಂಗಳು ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಒಂದು ಅಥವಾ ಎರಡೂ ಇಳಿದಿರುವುದಿಲ್ಲ. ತಿಂಗಳಿಗೆ ಮೊದಲೇ ಹುಟ್ಟಿದವರಲ್ಲಿ ಇದು ಬಹಳ ಹೆಚ್ಚು. ಹಲವರಿಗೆ ಮೊದಲ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಮುಂದೆ ಇಳಿಯುವ ಸಾಧ್ಯತೆ ಕಡಿಮೆ. ಆಗ ಮಕ್ಕಳ ಸರ್ಜನ್ ಅಥವಾ ಯೂರಾಲಜಿಸ್ಟರಿಗೆ ತೋರಿಸಬೇಕು. ಶಸ್ತ್ರಚಿಕಿತ್ಸೆ ಬೇಕಾದರೆ ಒಂದೂವರೆ ವರ್ಷದೊಳಗೆ ಮುಗಿಸಬೇಕು ಎಂಬುದು ಇಂದಿನ ಮಾರ್ಗದರ್ಶಿ ಸೂತ್ರ.

ಇದು ಯಾಕೆ ಮುಖ್ಯ ಎಂದರೆ, ಇಳಿಯದ ವೃಷಣ ಈ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಚೆನ್ನಾಗಿ ಸಾಬೀತಾಗಿದೆ. ಅದನ್ನು ಬೇಗ ಇಳಿಸಿದಷ್ಟೂ ಒಳ್ಳೆಯದು. ಸ್ವೀಡನ್ನಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು 17,000 ಗಂಡಸರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2007ರಲ್ಲಿ ಬಂತು. 13 ವರ್ಷಕ್ಕೆ ಮೊದಲು ಚಿಕಿತ್ಸೆ ಆದವರಲ್ಲಿ ಕ್ಯಾನ್ಸರಿನ ಅಪಾಯ ಸಾಮಾನ್ಯರ ಎರಡು ಪಟ್ಟು ಇದ್ದರೆ, ಅದರ ನಂತರ ಆದವರಲ್ಲಿ ಐದು ಪಟ್ಟು ಇತ್ತು. ಮುಂದೆ ಮಕ್ಕಳಾಗುವ ಶಕ್ತಿಗೂ ಬೇಗ ಇಳಿಸುವುದೇ ಒಳ್ಳೆಯದು. ಇನ್ನೊಂದು ಲಾಭ, ಚೀಲದಲ್ಲಿದ್ದರೆ ಕೈಗೆ ಸಿಗುತ್ತದೆ. ಗಂಟು ಬಂದರೆ ಗೊತ್ತಾಗುತ್ತದೆ.

ಮನೆಯಲ್ಲಿ ನೋಡುವುದು ಕಷ್ಟವಲ್ಲ. ಬಿಸಿನೀರಿನ ಸ್ನಾನದ ಹೊತ್ತಿಗೆ ಚೀಲ ಸಡಿಲವಾಗಿರುತ್ತದೆ, ಎರಡೂ ಕಡೆ ಇದೆಯೇ ನೋಡಿ. ಸ್ನಾನದಲ್ಲಿ ಕಾಣಿಸಿ, ಚಳಿಗೆ ಮೇಲಕ್ಕೆ ಹೋಗಿ ಮತ್ತೆ ಇಳಿಯುವುದು ಬೇರೆ. ಅದು ಬಹಳ ಮಕ್ಕಳಲ್ಲಿ ಸಹಜ. ಅದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ, ಪ್ರತಿವರ್ಷ ಡಾಕ್ಟರಿಂದ ತಪಾಸಣೆ ಸಾಕು. ಯಾವುದು ಹೌದು ಯಾವುದು ಅಲ್ಲ ಎಂದು ಡಾಕ್ಟರೇ ಕೈಯಿಂದ ಮುಟ್ಟಿ ಹೇಳಬೇಕು.

ಗಲ್ಫಿನಲ್ಲಿರುವ ನಮ್ಮಲ್ಲಿ ಒಂದು ಅಭ್ಯಾಸವಿದೆ. ಏನೇ ಇರಲಿ, ‘ರಜೆಗೆ ಊರಿಗೆ ಹೋದಾಗ ತೋರಿಸುವ’ ಎನ್ನುತ್ತೇವೆ. ಊರಿಗೆ ಹೋದರೆ ಹಿರಿಯರು ‘ಗಂಡುಮಗು ಅಲ್ವಾ, ತಾನೇ ಇಳೀತದೆ’ ಎನ್ನುತ್ತಾರೆ. ಎರಡು ರಜೆ ಹೀಗೆ ಕಳೆದರೆ ಮಗುವಿಗೆ ಮೂರು ವರ್ಷ. ನಾವು ಆ ಬೇಸಿಗೆಯ ಟಿಕೆಟ್ಟನ್ನೇ ಮುಂದೆ ಹಾಕಿದೆವು. ಮಗನಿಗೆ ಹನ್ನೊಂದು ತಿಂಗಳಾದಾಗ ಶಸ್ತ್ರಚಿಕಿತ್ಸೆಯಾಯಿತು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದೆವು. ಅವನಿಗಿಂತ ಹೆಚ್ಚು ಅತ್ತವರು ನಾವಿಬ್ಬರು.

‘ಶೇಮ್ ಶೇಮ್’ ಬಿಟ್ಟು ಒಂದು ಪದ

ಎರಡು ಭಾಷೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕಣ್ಣು, ಮೂಗು, ಮೊಣಕೈ, ಹಿಮ್ಮಡಿ ಎಲ್ಲವನ್ನೂ ಕನ್ನಡದಲ್ಲಿ ಕಲಿಸುತ್ತೇವೆ. ಹೊಕ್ಕುಳಿನ ವರೆಗೆ ಬಂದು ನಿಲ್ಲುತ್ತೇವೆ. ಅಲ್ಲಿಂದ ಮುಂದೆ ‘ಶೇಮ್ ಶೇಮ್, ಚಡ್ಡಿ ಹಾಕ್ಕೋ’. ಮಗುವಿನ ಪಾಲಿಗೆ ಆ ಅಂಗದ ಹೆಸರೇ ನಾಚಿಕೆ ಎಂದಾಗಿಬಿಡುತ್ತದೆ.

ಮುಂದೆ ಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ಅದಕ್ಕೊಂದು ಇಂಗ್ಲಿಷ್ ಹೆಸರು ಸಿಗುತ್ತದೆ. ಅದು ಪರೀಕ್ಷೆಯ ಹಾಳೆಯಲ್ಲಿ ಬರೆಯುವ ಪದ, ಅಮ್ಮನ ಹತ್ತಿರ ಹೇಳುವ ಪದವಲ್ಲ. ಸ್ನೇಹಿತರಿಂದ ಸಿಗುವ ಪದಗಳು ಬೈಗುಳಗಳು. ಹೀಗೆ ಎರಡು ಭಾಷೆ ಬಲ್ಲ ಹುಡುಗನಿಗೆ ಮನೆಯಲ್ಲಿ ‘ನನಗೆ ಇಲ್ಲಿ ಏನೋ ಆಗಿದೆ’ ಎಂದು ಹೇಳಲು ಎರಡರಲ್ಲೂ ಒಂದು ಪದ ಇರುವುದಿಲ್ಲ. ಅಣ್ಣ ಗಂಟನ್ನು ಗಮನಿಸಿ ಐದು ತಿಂಗಳು ಯಾರಿಗೂ ಹೇಳಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: “ಅಪ್ಪನ ಎದುರು ಏನಂತ ಹೇಳುವುದು?”

ಕನ್ನಡದಲ್ಲಿ ಪದಗಳಿಲ್ಲವೇ? ಇವೆ. ‘ವೃಷಣ’ ಪಠ್ಯಪುಸ್ತಕದ ಪದ, ‘ಬೀಜ’ ಆಡುಮಾತು. ಎರಡೂ ಮರ್ಯಾದೆಯ ಪದಗಳೇ. ನಮ್ಮ ಮನೆಯಲ್ಲಿ ಬೀಜ ಎಂದೇ ಕಲಿಸಿದೆವು. ದೊಡ್ಡವನು ಕೂಡಲೇ “ಗೇರುಬೀಜದ ಹಾಗೆಯಾ?” ಎಂದು ಕೇಳಿದ. ಕರಾವಳಿಯ ರಕ್ತ, ಏನು ಮಾಡುವುದು. ಎಲ್ಲರೂ ನಕ್ಕೆವು, ಅಲ್ಲಿಗೆ ಮುಜುಗರ ಮುಗಿಯಿತು. ನಿಮ್ಮ ಮನೆಯ ಮಾತು ತುಳು, ಕೊಂಕಣಿ, ಬ್ಯಾರಿ, ಯಾವುದೇ ಇರಲಿ, ಆ ಮಾತಿನಲ್ಲೇ ಒಂದು ಪದ ಇರಲಿ. ಅದನ್ನು ಮೊಣಕೈ ಎನ್ನುವಷ್ಟೇ ಸಲೀಸಾಗಿ ಹೇಳಿ. ಮೈಮುಟ್ಟುವ ಕಿಡಿಗೇಡಿಗಳ ವಿಷಯ ಹೇಳಿಕೊಳ್ಳಲೂ ಮಗುವಿಗೆ ಇದೇ ಪದ ಬೇಕಾಗುತ್ತದೆ.

ಈ ಪದ ಕ್ಯಾನ್ಸರಿಗಿಂತ ಮೊದಲೇ ಇನ್ನೊಂದು ಕಡೆ ಉಪಯೋಗಕ್ಕೆ ಬರಬಹುದು. ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ ಕೆಲವೊಮ್ಮೆ ವೃಷಣ ಒಳಗೇ ತಿರುಚಿಕೊಂಡು ಅದಕ್ಕೆ ಹೋಗುವ ರಕ್ತ ನಿಲ್ಲುತ್ತದೆ. ಇದ್ದಕ್ಕಿದ್ದಂತೆ ವಿಪರೀತ ನೋವು, ವಾಂತಿ. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದು ಉಳಿಯುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ತೆಗೆದುಹಾಕಬೇಕಾದ ಪ್ರಸಂಗ ಬರುತ್ತದೆ. ನಾಚಿಕೊಂಡ ಹುಡುಗ ‘ಹೊಟ್ಟೆನೋವು’ ಎನ್ನುತ್ತಾನೆ, ನಾವು ಓಮದ ನೀರು ಕುಡಿಸಿ ಮಲಗಿಸುತ್ತೇವೆ. ಹದಿಹರೆಯದ ಮಗ ಹೊಟ್ಟೆಯ ಕೆಳಭಾಗ ನೋವು ಎಂದು ಮುದುಡಿಕೊಂಡರೆ ‘ಬೀಜ ನೋಯ್ತಿದೆಯಾ?’ ಎಂದು ನೇರವಾಗಿ ಕೇಳಿ. ಹೌದೆಂದರೆ ಬೆಳಗಾಗುವವರೆಗೆ ಕಾಯಬೇಡಿ. ಮಂಗಫ್, ಫಹಾಹೀಲ್ ಕಡೆಯವರಿಗೆ ಅದಾನ್ ಆಸ್ಪತ್ರೆಯಿದೆ. ನೀವಿರುವ ಊರಿನಲ್ಲಿ ರಾತ್ರಿ ತೆರೆದಿರುವ ಎಮರ್ಜೆನ್ಸಿ ಎಲ್ಲಿದೆ ಎಂದು ಈಗಲೇ ತಿಳಿದಿಟ್ಟುಕೊಳ್ಳಿ.

ಹದಿನೈದು ದಾಟಿದ ಮಗನಿಗೆ

ಆರೋಗ್ಯವಾಗಿರುವ ಎಲ್ಲ ಹುಡುಗರೂ ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷಿಸಿಕೊಳ್ಳಬೇಕೇ? ಅಮೆರಿಕದ ತಜ್ಞರ ಸಮಿತಿಯೊಂದು 2011ರಲ್ಲಿ ಬೇಡ ಎಂದಿತು. ಕಾಯಿಲೆ ಅಪರೂಪ, ಕಂಡುಹಿಡಿದರೆ ಗುಣವಾಗುವುದೂ ಹೆಚ್ಚು. ಎಲ್ಲರನ್ನೂ ತಪಾಸಣೆಗೆ ಹಚ್ಚಿದರೆ ಲಾಭಕ್ಕಿಂತ ಗಾಬರಿಯೇ ಜಾಸ್ತಿ ಎಂಬುದು ಅವರ ವಾದ. ಆದರೆ ತಂದೆಗೋ ಒಡಹುಟ್ಟಿದವರಿಗೋ ಬಂದಿದ್ದವರು ಮತ್ತು ವೃಷಣ ಇಳಿಯದೆ ಹುಟ್ಟಿದವರು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವುದನ್ನು ಕಲಿಯಬೇಕು ಎಂದು ಯೂರೋಪಿನ ಯೂರಾಲಜಿ ತಜ್ಞರು ಸಲಹೆ ಕೊಡುತ್ತಾರೆ. ನನ್ನ ಮಟ್ಟಿಗೆ ಎರಡೂ ಸರಿ. ನಾವು ಎರಡನೆಯ ಗುಂಪಿನವರು.

ವಿಧಾನ ಸರಳ. ಬಿಸಿನೀರಿನ ಸ್ನಾನವಾದ ಮೇಲೆ ಒಂದೊಂದನ್ನೇ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಬೇಕು. ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯ ಹಾಗೆ ನುಣುಪಾಗಿ, ಒಂದೇ ಹದದಲ್ಲಿ ಇರಬೇಕು. ಹಿಂಬದಿಯಲ್ಲಿ ಮೆತ್ತಗಿನ ಹುರಿಯಂಥದ್ದು ಸಿಗುತ್ತದೆ, ಅದು ಸಹಜ. ಒಂದು ಸ್ವಲ್ಪ ದೊಡ್ಡದು, ಒಂದು ಸ್ವಲ್ಪ ಕೆಳಗೆ ಇರುವುದೂ ಸಹಜ. ಕಡಲೆಕಾಳಿನಷ್ಟು ಗಟ್ಟಿ ಗಂಟು, ಒಂದು ಕಡೆ ಊತ, ಎಳೆದಂಥ ಭಾರ, ಕಳೆದ ಸಲಕ್ಕಿಂತ ಬೇರೆ ಅನ್ನಿಸುವ ಏನಾದರೂ, ಇವು ಡಾಕ್ಟರಿಗೆ ತೋರಿಸಬೇಕಾದವು. ಈ ಗಂಟು ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲದ್ದರಿಂದಲೇ ಜನ ಬಿಟ್ಟುಬಿಡುತ್ತಾರೆ.

ಗಂಟು ಎಂದರೆಲ್ಲ ಕ್ಯಾನ್ಸರ್ ಅಲ್ಲ ಎಂಬುದನ್ನೂ ಮಗನಿಗೆ ಹೇಳಿ. ನೀರು ತುಂಬುವುದು, ರಕ್ತನಾಳ ಉಬ್ಬುವುದು, ಸಾದಾ ನೀರುಗುಳ್ಳೆ, ಚೀಲದಲ್ಲಿ ಸಿಗುವ ಹೆಚ್ಚಿನವು ಇಂಥವೇ. ಯಾವುದು ಎಂದು ತೀರ್ಮಾನಿಸುವ ಕೆಲಸ ಅವನದಲ್ಲ. ಹೇಳುವುದಷ್ಟೇ ಅವನ ಕೆಲಸ.

ಹುಡುಗರು ಗೂಗಲ್ ಮಾಡಿ ಗಾಬರಿಯಾಗುವ ಕೆಲವು ವಿಷಯಗಳಿವೆ. ಸೈಕಲ್ ಹೊಡೆದದ್ದು, ಬಿಗಿ ಚಡ್ಡಿ, ಜೇಬಿನ ಮೊಬೈಲು, ಕ್ರಿಕೆಟ್ ಬಾಲಿನ ಏಟು, ಹಸ್ತಮೈಥುನ, ಇವು ಯಾವುದರಿಂದಲೂ ಈ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ‘ನಾನೇ ಮಾಡಿಕೊಂಡದ್ದು’ ಎಂಬ ತಪ್ಪಿತಸ್ಥ ಭಾವ ಎಷ್ಟೋ ಹುಡುಗರ ಬಾಯಿ ಕಟ್ಟುತ್ತದೆ. ಅದನ್ನು ನೀವೇ ಮುಂದಾಗಿ ಬಿಡಿಸಿ.

ಇನ್ನು ರಜೆಯಲ್ಲಿ ಊರಿಗೆ ಹೋದಾಗ ಲ್ಯಾಬುಗಳು ಕೊಡುವ ‘ಫುಲ್ ಬಾಡಿ’ ಪ್ಯಾಕೇಜುಗಳು. ಯಾವ ಲಕ್ಷಣವೂ ಇಲ್ಲದ ಹುಡುಗನಿಗೆ ಕುಟುಂಬದ ಚರಿತ್ರೆಯೊಂದನ್ನೇ ಹಿಡಿದು ಪ್ರತಿವರ್ಷ ಕ್ಯಾನ್ಸರ್ ರಕ್ತಪರೀಕ್ಷೆ ಮಾಡಿಸುವುದರಿಂದ ಪ್ರಯೋಜನವಿಲ್ಲ. ಸಾಕಷ್ಟು ರೋಗಿಗಳಲ್ಲಿ ಆ ಪರೀಕ್ಷೆ ನಾರ್ಮಲ್ ಎಂದೇ ಬರುತ್ತದೆ. ಕುಟುಂಬದ ವಿಷಯ ಗೊತ್ತಿರುವ ಒಬ್ಬ ಡಾಕ್ಟರು, ವರ್ಷಕ್ಕೊಮ್ಮೆ ಅವರ ಕೈಯಿಂದ ತಪಾಸಣೆ, ಅನುಮಾನ ಬಂದರೆ ಅಲ್ಟ್ರಾಸೌಂಡ್. ನಾನು ಈಗ ಮಾಡುತ್ತಿರುವುದೂ ಇಷ್ಟೇ.

ಗಂಟು ಸಿಕ್ಕರೆ ಏನಾಗುತ್ತದೆ?

ಡಾಕ್ಟರು ಮುಟ್ಟಿ ನೋಡಿ, ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಅದರಲ್ಲಿ ನೋವಿಲ್ಲ. ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ಎಂಬ ಮೂರು ರಕ್ತಪರೀಕ್ಷೆ ಮಾಡಿಸುತ್ತಾರೆ. ಬೇರೆ ಗಡ್ಡೆಗಳ ಹಾಗೆ ಚೀಲದ ಮೂಲಕ ಸೂಜಿ ಹಾಕಿ ಬಯಾಪ್ಸಿ ತೆಗೆಯುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಇನ್ನೊಬ್ಬ ಯೂರಾಲಜಿಸ್ಟರನ್ನು ಕೇಳಿ. ಕ್ಯಾನ್ಸರ್ ಎಂದು ಬಲವಾದ ಅನುಮಾನವಿದ್ದರೆ ತೊಡೆಸಂದಿಯ ಮೂಲಕ ಆ ಒಂದು ವೃಷಣವನ್ನು ತೆಗೆಯುತ್ತಾರೆ. ಮುಂದೆ ಮಕ್ಕಳು ಬೇಕೆನ್ನುವವರು ಚಿಕಿತ್ಸೆಗೆ ಮೊದಲೇ ವೀರ್ಯ ಶೇಖರಿಸಿಡುವ ವಿಷಯ ಕೇಳಬೇಕು. ಇನ್ನೊಂದು ಆರೋಗ್ಯವಾಗಿದ್ದರೆ ಗಂಡಸುತನಕ್ಕಾಗಲಿ ಮಕ್ಕಳಾಗುವುದಕ್ಕಾಗಲಿ ಸಾಮಾನ್ಯವಾಗಿ ಅದೊಂದೇ ಸಾಕು. ಅಣ್ಣನಿಗೆ ಬೇಗ ಗೊತ್ತಾಗಿದ್ದರಿಂದ ಕೀಮೋ ಕೂಡ ಬೇಕಾಗಲಿಲ್ಲ, ವರ್ಷಗಟ್ಟಲೆ ತಪ್ಪದೆ ಸ್ಕ್ಯಾನ್ ಮಾಡಿಸಿಕೊಂಡ, ಅಷ್ಟೆ.

ಹರಡಿದ್ದರೂ ಕೈಬಿಡುವ ಕಾಯಿಲೆಯಲ್ಲ ಇದು. 1970ರ ದಶಕಕ್ಕೆ ಮೊದಲು ಹರಡಿದ ಮೇಲೆ ಬದುಕುಳಿಯುತ್ತಿದ್ದವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. 1974ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡಾ. ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಎಂಬ ಔಷಧಿಯನ್ನು ಬೇರೆ ಎರಡರ ಜೊತೆ ಸೇರಿಸಿ ಕೊಟ್ಟು ನೋಡಿದರು. ಅಲ್ಲಿಂದ ಲೆಕ್ಕವೇ ತಿರುಗಿತು. ಇಂದು ಅಮೆರಿಕದಲ್ಲಿ ಈ ಕ್ಯಾನ್ಸರ್ ಬಂದ ನೂರರಲ್ಲಿ ಸುಮಾರು 95 ಮಂದಿ ಐದು ವರ್ಷದ ಗೆರೆ ದಾಟುತ್ತಾರೆ. ಹರಡುವ ಮೊದಲೇ ಸಿಕ್ಕವರಲ್ಲಿ 99.

ಈ ಡಾಕ್ಟರ ಹೆಸರು ನಿಮಗೆ ಕೇಳಿದಂತಿದ್ದರೆ ಅದಕ್ಕೆ ಕಾರಣ ಯುವರಾಜ್ ಸಿಂಗ್. 2011ರ ಮಾರ್ಚ್ 6ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡ್ ವಿರುದ್ಧ ಐದು ವಿಕೆಟ್ ಕಿತ್ತು, ಔಟಾಗದೆ 50 ರನ್ ಹೊಡೆದದ್ದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ವಿಶ್ವಕಪ್ಪಿನ ಒಂದೇ ಪಂದ್ಯದಲ್ಲಿ ಈ ಎರಡನ್ನೂ ಮಾಡಿದ ಮೊದಲ ಆಟಗಾರ. ಆಗಲೇ ಅವರಿಗೆ ಕೆಮ್ಮಿತ್ತು, ಮೈಯಲ್ಲಿ ಶಕ್ತಿ ಕುಂದುತ್ತಿತ್ತು. ಅದನ್ನು ಕಡೆಗಣಿಸಿದ್ದೆ ಎಂದು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಎರಡು ಶ್ವಾಸಕೋಶಗಳ ನಡುವೆ ಬೆಳೆದಿದ್ದ ಆ ಗಡ್ಡೆ ಸೆಮಿನೋಮ. ವೃಷಣದಲ್ಲಿ ಬರುವ ಕ್ಯಾನ್ಸರಿನ ಒಂದು ಮುಖ್ಯ ಬಗೆಯೂ ಇದೇ. ಭ್ರೂಣದಲ್ಲಿ ವೃಷಣದ ಕಡೆಗೆ ಸಾಗುವ ಜೀವಕೋಶಗಳು ದಾರಿಯಲ್ಲೇ ಉಳಿದುಬಿಟ್ಟರೆ ಅಲ್ಲಿಯೂ ಇಂಥ ಗಡ್ಡೆ ಬೆಳೆಯಬಹುದು ಎಂದು ವಿವರಿಸುತ್ತಾರೆ. 2012ರ ಆರಂಭದಲ್ಲಿ ಯುವರಾಜ್ ಐನ್‌ಹಾರ್ನ್ ಅವರ ಬಳಿ ಚಿಕಿತ್ಸೆ ಪಡೆದು, ಅದೇ ಸೆಪ್ಟೆಂಬರಿನಲ್ಲಿ ಭಾರತದ ಪರವಾಗಿ ಮತ್ತೆ ಆಡಿದರು. ಮಗನ ಜೊತೆ ಮಾತು ಶುರು ಮಾಡಲು ಎಳೆ ಬೇಕಿದ್ದರೆ ಈ ಕತೆಯಿಂದ ಶುರು ಮಾಡಿ. ಹದಿಹರೆಯದವರು ಅಂಗರಚನಾಶಾಸ್ತ್ರ ಕೇಳುವುದಿಲ್ಲ, ಕ್ರಿಕೆಟ್ ಕೇಳುತ್ತಾರೆ.

ಈ ಶುಕ್ರವಾರದ ಫೋನು

ನಾವೆಲ್ಲ ಶುಕ್ರವಾರ ಊರಿಗೆ ಫೋನು ಮಾಡುವವರು. ಈ ಸಲ ಒಂದಿಷ್ಟು ಪ್ರಶ್ನೆ ಸೇರಿಸಿಕೊಳ್ಳಿ. ‘ನಮ್ಮಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ?’ ಎಂದು ಕೇಳಿದರೆ ‘ಹಾಗೆಲ್ಲ ಯಾರಿಗೂ ಇಲ್ಲ, ಒಳ್ಳೆ ಮಾತಾಡು’ ಎಂಬ ಉತ್ತರ ಬರುತ್ತದೆ. ಬೇರೆ ಥರ ಕೇಳಿ. ಯಾರಿಗಾದರೂ ಹೊಟ್ಟೆಯ ಕೆಳಗೆ ಆಪರೇಷನ್ ಆಗಿತ್ತಾ? ಅದು ನಿಜಕ್ಕೂ ಹರ್ನಿಯಾವಾ? ಪ್ರಾಯದಲ್ಲೇ ತೀರಿಕೊಂಡವರಿಗೆ ಏನಾಗಿತ್ತು? ಚಿಕ್ಕವರಿದ್ದಾಗ ಬೀಜ ಇಳಿಯದೆ ಚಿಕಿತ್ಸೆ ಆದವರು ಯಾರು? ಅಪ್ಪನ ಕಡೆ ಮಾತ್ರವಲ್ಲ, ಅಮ್ಮನ ಕಡೆಯೂ ಕೇಳಿ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಬಗೆ ಎಂದು ಬರೆದಿಡಿ. ಡಿಸ್‌ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟು ಸಿಕ್ಕರೆ ಫೋಟೊ ತೆಗೆದಿಡಿ. ಹಿರಿಯರಿಗೆ ಇದು ಮನೆಯ ಮರ್ಯಾದೆಯ ಪ್ರಶ್ನೆ ಎಂಬುದು ನೆನಪಿರಲಿ. ಯಾಕೆ ಮುಚ್ಚಿಟ್ಟಿರಿ ಎಂದು ಜಗಳ ತೆಗೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮೊಮ್ಮಗನ ಹೆಸರು ಹೇಳಿ ಕೇಳಿದರೆ ಬಾಯಿ ಬಿಡುತ್ತಾರೆ. ನಮ್ಮಮ್ಮ ಹಾಗೆಯೇ ಬಾಯಿ ಬಿಟ್ಟದ್ದು.

ಇನ್ನೊಂದು ಮಾತು. ಮಂಗಫ್, ಮಹಬೂಲದ ಬ್ಯಾಚುಲರ್ ರೂಮುಗಳಲ್ಲಿ ನಮ್ಮೂರಿನ ಎಷ್ಟೋ ಹುಡುಗರಿದ್ದಾರೆ. ಇಪ್ಪತ್ತೈದು, ಮೂವತ್ತರ ಪ್ರಾಯ. ಈ ಕಾಯಿಲೆ ಹುಡುಕುವುದೂ ಅದೇ ಪ್ರಾಯ. ಒಂದು ರೂಮಿನಲ್ಲಿ ಆರೇಳು ಜನ, ಹೇಳಿಕೊಳ್ಳಲು ಮನೆಯವರಿಲ್ಲ, ರಜೆ ಎರಡು ವರ್ಷಕ್ಕೊಮ್ಮೆ. ‘ಊರಿಗೆ ಹೋದಾಗ ನೋಡುವ’ ಎಂದು ಎಲ್ಲರಿಗಿಂತ ಹೆಚ್ಚು ಮುಂದೂಡುವವರು ಇವರೇ. ನಿಮ್ಮ ತಮ್ಮನೋ ಭಾವನೋ ಹೀಗಿದ್ದರೆ ಶುಕ್ರವಾರ ಊಟಕ್ಕೆ ಕರೆಯಿರಿ. ಕೋಳಿ ಸುಕ್ಕದ ಜೊತೆ ಈ ಮಾತೂ ಒಂದು ಬರಲಿ. ಗಂಡಸರು ಗಂಡಸರೊಡನೆ ಆಡಬೇಕಾದ ಮಾತು ಇದು, ಎಲ್ಲವನ್ನೂ ಹೆಂಗಸರ ತಲೆಗೆ ಕಟ್ಟಬಾರದು.

ಕಳೆದ ತಿಂಗಳು ಚಿಕ್ಕವನನ್ನು ವಾರ್ಷಿಕ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಮತ್ತೆ ಅದೇ ಥರದ ಫಾರಂ. ಕೊನೆಯ ಪ್ರಶ್ನೆಗೆ ಈ ಸಲ ಗೀಟು ಎಳೆಯಲಿಲ್ಲ. ‘ತಂದೆಯ ಅಣ್ಣನಿಗೆ, 29ನೇ ವಯಸ್ಸಿನಲ್ಲಿ, ಸೆಮಿನೋಮ’ ಎಂದು ಬರೆದೆ. ಡಾಕ್ಟರು ಓದಿ, ತಲೆಯಾಡಿಸಿ, ಪರೀಕ್ಷಿಸಲು ಅವನನ್ನು ಮಂಚದ ಮೇಲೆ ಹತ್ತಿಸಿದರು. ಎಲ್ಲಿ ಆಪರೇಷನ್ ಆದದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ನನ್ನ ಕಡೆ ತಿರುಗಿ, ಗಟ್ಟಿಯಾಗಿ, ಕನ್ನಡದಲ್ಲೇ ಕೇಳಿದ: “ಅಪ್ಪ, ಬೀಜಕ್ಕೆ ಇವರು ಏನಂತ ಹೇಳ್ತಾರೆ?”

ಹೇಳಿಕೊಟ್ಟೆ. ಈಗ ಅವನಿಗೆ ಅದು ಎರಡು ಭಾಷೆಯಲ್ಲೂ ಬರುತ್ತದೆ.